ಕಾಣುವ ಹೊಲಿಗೆ

ಮಾರ್ಚ್ ೪, ಸೋಮವಾರ

ಚಿಂತೆ ಬಂದಾಗ ಬರೆಯಿರಿ, ಬರೆದು ಪುಸ್ತಕ ಮುಚ್ಚಿಡಿ, ತಲೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಪುಸ್ತಕವನ್ನು ಯಾರಾದರೂ ಓದಿಬಿಟ್ಟರೆ ಎಂದು ಕೇಳಿದೆ. ಅದನ್ನೂ ಬರೆಯಿರಿ ಎಂದರು. ಆದ್ದರಿಂದ ಅದನ್ನೇ ಮೊದಲು ಬರೆದಿದ್ದೇನೆ.

ಇವತ್ತು ನನ್ನ ಹೆಂಡತಿಯ ಪೋಸ್ಟರ್ ಪ್ರೆಸ್ಸಿನಿಂದ ಬಂತು. ಕಾಗದದ್ದಲ್ಲ, ಬಟ್ಟೆಯದು. ವಿಜ್ಞಾನ ಸಮ್ಮೇಳನಕ್ಕೆ ಹೋಗುವವರು ಈಗೀಗ ಬಟ್ಟೆಯ ಮೇಲೆ ಅಚ್ಚು ಹಾಕಿಸುತ್ತಾರಂತೆ. ಮಡಿಸಿ ಚೀಲಕ್ಕೆ ತುರುಕಬಹುದು, ಸುಕ್ಕಾದರೆ ಇಸ್ತ್ರಿ ಮಾಡಬಹುದು. ಪ್ರೆಸ್ಸಿನವನು ಅಂಚನ್ನು ಕತ್ತರಿಸಿ ಹಾಗೇ ಕೊಟ್ಟಿದ್ದ, ದಾರ ಬಿಡುತ್ತಿತ್ತು. ‘ರೀ, ಸುತ್ತಲೂ ಮಡಿಸಿ ಹೊಲಿದುಕೊಡಿ’ ಎಂದಳು. ಇವಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಯ ಗೇಟಿನ ಎದುರು ಬೀದಿಯಲ್ಲಿ ನನ್ನ ಟೈಲರ್ ಅಂಗಡಿ. ಹೊಸದು ಹೊಲಿಯುವುದು ಕಡಿಮೆ, ಹಳೆಯದನ್ನು ಸರಿಮಾಡುವುದೇ ಹೆಚ್ಚು.

ಅವಳ ಕೆಲಸವನ್ನು ನನಗೆ ತಿಳಿದ ಮಟ್ಟಿಗೆ ಬರೆದಿಡುತ್ತೇನೆ. ಯಾರಾದರೂ ಕೇಳಿದರೆ ತಡವರಿಸಬಾರದು. ಊರಾಚೆ ಒಂದು ಹಳೇ ಗಣಿ. ಅದರ ಅಡಿಯಲ್ಲಿ ಕಲ್ಲಿಗೆ ತೂತು ಕೊರೆದಿದ್ದಾರೆ. ಎಂದಿನಿಂದಲೋ ಬಿಸಿಲು ಕಾಣದ ನೀರು ಅಲ್ಲಿಂದ ಒಸರುತ್ತದೆ. ಬಿಸಿ, ಉಪ್ಪು, ಕತ್ತಲೆ. ಅದರಲ್ಲಿ ಗಾಳಿ ಎನ್ನುವುದು ಒಂದಿಷ್ಟೂ ಇಲ್ಲ. ಆ ನೀರಿನಲ್ಲಿ ಇವಳಿಗೆ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಪೋಸ್ಟರಿನಲ್ಲಿ ಚಿತ್ರವಿದೆ, ಹುರಿ ಹಾಕಿದ ದಾರದ ಹಾಗೆ ಕಾಣುತ್ತದೆ. ಕಬ್ಬಿಣ ತಿಂದು ಬದುಕುತ್ತದೆ, ಆದರೆ ಬದುಕಲು ಒಂದು ಚೂರು ಗಾಳಿ ಬೇಕು. ಗಾಳಿಯಿಲ್ಲದ ಕಡೆ ಗಾಳಿ ಬೇಕಾದ ಪ್ರಾಣಿ ಹೇಗೆ ಬಂತು? ಕಲ್ಲೇ ತನ್ನೊಳಗಿನ ಕಿರಣಗಳಿಂದ ನೀರನ್ನು ಒಡೆದು ಗುಟುಕು ಗುಟುಕಾಗಿ ಗಾಳಿ ಕೊಡುತ್ತಿದೆ ಎಂಬುದು ಇವಳ ಲೆಕ್ಕ. ಪೋಸ್ಟರಿನ ತಲೆಬರಹ: ‘ಕಲ್ಲು ಕೊಟ್ಟ ಉಸಿರು’. ನನಗೆ ಬಹಳ ಹಿಡಿಸಿತು.

ಸಂಸ್ಥೆಯಲ್ಲಿ ಒಂದೇ ಒಂದು ಕಾಯಂ ಹುದ್ದೆ ಖಾಲಿಯಿದೆ. ಇವಳದು ಏಪ್ರಿಲ್ ಕೊನೆಗೆ ಮುಗಿಯುವ ಕೆಲಸ. ಸಮ್ಮೇಳನಕ್ಕೆ ಬರುವ ಹಿರಿಯರೇ ಆಯ್ಕೆಗೂ ಕೂರುತ್ತಾರೆ. ಪೋಸ್ಟರ್ ಅವರ ಕಣ್ಣಿಗೆ ಬಿದ್ದರೆ ಹುದ್ದೆ; ಹುದ್ದೆಯಾದರೆ ಈ ಕ್ವಾರ್ಟರ್ಸು, ಈ ಅಂಗಡಿ, ಅತ್ತೆಗೆ ಅಭ್ಯಾಸವಾದ ಈ ಕಿಟಕಿ. ಇಲ್ಲದಿದ್ದರೆ ಏನು ಎಂಬುದನ್ನು ಬರೆಯಲು ಹೋಗುವುದಿಲ್ಲ.

ಇಸ್ತ್ರಿ ಇಟ್ಟಾಗ ಬಣ್ಣ ಕರಗಿದರೆ? ಮೂಲೆಯಲ್ಲಿ ಪರೀಕ್ಷಿಸಿದೆ. ಕರಗಲಿಲ್ಲ. ಇನ್ನೊಂದು ಮೂಲೆಯಲ್ಲೂ ಪರೀಕ್ಷಿಸಿದೆ.

ಮಾರ್ಚ್ ೭, ಗುರುವಾರ

ದೊಡ್ಡವರು ಅಂಗಡಿಗೆ ಬಂದಿದ್ದರು. ಇವಳ ಲ್ಯಾಬಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎಂದೇ ಕರೆಯುವುದು. ಆಯ್ಕೆ ಸಮಿತಿಯಲ್ಲಿ ಅವರೂ ಒಬ್ಬರು. ಸಮ್ಮೇಳನದಲ್ಲಿ ಹಾಕಲು ಕೋಟು ತಂದಿದ್ದರು.

‘ಎರಡು ಬೆರಳು ಬಿಡಿಸಿ ಮಾರಾಯರೇ. ಹೊಟ್ಟೆ ಬೆಳೀತಿದೆಯೋ ಕೋಟು ಕುಗ್ತಿದೆಯೋ ಗೊತ್ತಿಲ್ಲ, ಇನ್ನೂ ಸಂಶೋಧನೆ ಆಗಿಲ್ಲ.’

ನಗಬೇಕೋ ಬೇಡವೋ ತಿಳಿಯದೆ ಟೇಪು ಹಿಡಿದು ಹಿಂದೆ ನಿಂತೆ.

‘ಹೊಲಿಗೆ ಬಿಚ್ಚಿದ್ದು ಕಾಣಬಾರದು.’

‘ಕಾಣಲ್ಲ ಸರ್.’

ಅದೊಂದು ವಿಷಯದಲ್ಲಿ ನನಗೆ ಭಯವಿಲ್ಲ. ನಾನು ಮಾಡಿದ ರಫು ಎಲ್ಲಿದೆ ಎಂದು ಕೊಟ್ಟವರೇ ಹುಡುಕಬೇಕು.

‘ನಿಮ್ಮ ಮನೆಯವರ ಬೋರ್ಡನ್ನ ಬಾಗಿಲ ಎದುರಿಗೇ ಹಾಕಿಸಿದ್ದೀನಿ. ಈ ಸಲ ಬಿಡಲ್ಲ ನೋಡಿ. ನೀವು ಎಲ್ಲೀತನಕ ಓದಿದ್ದು?’

‘ಸ್ವಲ್ಪ ಓದಿದ್ದೀನಿ ಸರ್’ ಎಂದೆ. ಎಂಟನೆಯ ತರಗತಿಯನ್ನು ಮೂರು ಕಂತಿನಲ್ಲಿ ಓದಿ ಯಾವ ಕಂತಿನಲ್ಲೂ ಮುಗಿಸಲಿಲ್ಲ ಎಂದು ಹೇಳಬೇಕಾಗಿ ಬರಲಿಲ್ಲ. ಸಂಸ್ಥೆಯವರ ಊಟಗಳಿಗೆ ನಾನು ಹೋಗದಿರುವುದು ಇದಕ್ಕೇ. ಬೆನ್ನು ನೋವು ಎನ್ನುತ್ತೇನೆ. ಹೇಳಿ ಹೇಳಿ ನಿಜವಾಗಿಯೂ ಬಂದಿದೆ.

ಮನೆಯಲ್ಲಿ ಅತ್ತೆಗೆ ಬೋರ್ಡಿನ ಸುದ್ದಿ ಹೇಳಿದೆ. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದು ಬೇಡ ಅಳಿಯಂದ್ರೇ. ನಿಮಗಂತೂ ಮಿಷಿನ್ನೂ ಇದೆ, ಬೇಗ ಹೊಲಿದುಬಿಡ್ತೀರಿ’ ಎಂದರು.

ಮಾರ್ಚ್ ೮, ಶುಕ್ರವಾರ

ಬೋರ್ಡು ಬಾಗಿಲ ಎದುರಿಗಿದ್ದರೆ ಗಾಳಿ ಬೀಸಿ ಪೋಸ್ಟರ್ ಬಿದ್ದರೆ. ಬಾಗಿಲು ಬಡಿದು ಹರಿದರೆ. ಯಾರಾದರೂ ಚಹಾ ಚೆಲ್ಲಿದರೆ. ಇವಳಿಗೆ ಆ ದಿನವೇ ಗಂಟಲು ಕಟ್ಟಿದರೆ. ಹುದ್ದೆ ಉಪ್ಪುಕೆರೆಯವನಿಗೆ ಹೋದರೆ. ಅವನೂ ಇವಳ ಲ್ಯಾಬಿನವನೇ, ಉಪ್ಪುಕೆರೆಯ ಜೀವಿಗಳ ಮೇಲೆ ಕೆಲಸ. ಎದುರು ಸಿಕ್ಕಾಗ ಬಹಳ ವಿನಯದಿಂದ ನಕ್ಕ. ಅಷ್ಟು ವಿನಯ ಯಾಕೆ?

ಮಾರ್ಚ್ ೧೧, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಪೋಸ್ಟರಿನ ಕೆಳಗೆ ಸಹಾಯ ಮಾಡಿದವರನ್ನು ನೆನೆಯುವ ಸಾಲಿದೆ. ಅದರಲ್ಲಿ ಗಣಿಯ ಮೇಸ್ತ್ರಿಯ ಹೆಸರೂ ಇದೆ. ಅದನ್ನು ಹೇಳಿ ಖುಷಿಪಡಿಸೋಣವೆಂದು ಇವಳು ಬೆಳಿಗ್ಗೆ ಅವರಿಗೆ ಫೋನ್ ಮಾಡಿದಳು. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದಳು.

‘ಅಯ್ಯೋ, ನನ್ನ ಹೆಸರು ಯಾಕೆ ಮೇಡಂ? ನಾನೇನು ಮಾಡಿದೆ? ಪೈಪ್ ತೊಳೆಸಿಟ್ಟೆ, ಅಷ್ಟೇ ತಾನೇ?’

‘ಯಾವ ಪೈಪು?’

‘ನೀವು ನೀರು ಹಿಡೀತೀರಲ್ಲ, ಅದೇ. ನೀವು ಬರೋ ದಿನ ಬೆಳಿಗ್ಗೆ ನಾನೇ ನಿಂತು ತೊಳೆಸ್ತೀನಿ. ಅಷ್ಟು ಓದಿದವರು ಬಂದು ಕೊಳಕು ಪೈಪ್ ಮುಟ್ಟೋದು ನಮಗೆ ಶೋಭೆ ಅಲ್ಲ.’

‘ಯಾವ ನೀರಲ್ಲಿ ತೊಳೆಸ್ತೀರಿ?’

‘ಮೇಲಿನ ತೊಟ್ಟೀದು. ನಾವು ಕೈಕಾಲು ತೊಳೀತೀವಲ್ಲ. ಒಳ್ಳೇ ನೀರು ಮೇಡಂ, ಸ್ವಲ್ಪ ತುಕ್ಕು ಬರುತ್ತೆ ಅಷ್ಟೇ, ಕುಡಿಯೋಕೂ ಅದೇ.’

‘ಪ್ರತಿ ಸಲಾನೂ?’

‘ಒಂದು ಸಲಾನೂ ತಪ್ಪಿಸಿಲ್ಲ ಮೇಡಂ, ನಿಮ್ಮಾಣೆ.’

ಇವಳು ಥ್ಯಾಂಕ್ಸ್ ಎಂದಳು. ನಿಧಾನವಾಗಿಯೇ ಎಂದಳು. ಆಮೇಲೆ ಹಚ್ಚಿದ ಬೆಣ್ಣೆಯನ್ನು ಚಾಕುವಿನಿಂದ ವಾಪಸು ತೆಗೆದು ಡಬ್ಬಿಗೆ ಹಾಕಿದಳು.

ಏನಾಯಿತು ಎಂದು ಅತ್ತೆ ಕೇಳಿದರು. ಇವಳು ವಿವರಿಸಿದಳು: ಆ ಜೀವಿ ಕಲ್ಲಿನ ಆಳದ್ದಲ್ಲ, ತೊಟ್ಟಿಯ ನೀರಿನದೇ ಇರಬಹುದು. ನೀರಿನ ಜೊತೆಗೆ ಯಾವಾಗಲೂ ಒಂದು ಶುದ್ಧ ನೀರಿನ ಬಾಟಲಿಯನ್ನೂ ಒಯ್ಯುತ್ತಾರೆ. ಅದರಲ್ಲಿ ಏನೂ ಹುಟ್ಟದಿದ್ದರೆ ಹೊರಗಿನ ಕೊಳೆ ಸೇರಿಲ್ಲ ಎಂದು ಅರ್ಥ. ಇವಳ ಬಾಟಲಿಯಲ್ಲಿ ಒಮ್ಮೆಯೂ ಏನೂ ಹುಟ್ಟಲಿಲ್ಲ. ಆದರೆ ಅದು ಆ ಪೈಪಿನೊಳಗೆ ಹಾದು ಬಂದದ್ದೇ ಅಲ್ಲ. ಪೈಪನ್ನು ಯಾರಾದರೂ ಮರ್ಯಾದೆಗಾಗಿ ತೊಳೆಯುತ್ತಾರೆ ಎಂದು ಯಾರಿಗೆ ಹೊಳೆಯುತ್ತದೆ?

‘ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂದರು ಅತ್ತೆ. ಬೈದದ್ದಲ್ಲ, ಸುಮ್ಮನೆ ಹೇಳಿದ್ದು.

ತೊಟ್ಟಿಯ ನೀರನ್ನು ಒಂದು ಬಾಟಲಿಯಲ್ಲಿ ಕಳಿಸಲು ಹೇಳಿದ್ದಾಳೆ.

ಮಾರ್ಚ್ ೧೩, ಬುಧವಾರ

ತೊಟ್ಟಿಯ ನೀರಿನಲ್ಲೂ ಅದೇ. ಹುರಿ ಹಾಕಿದ ದಾರ. ಮೈಕ್ರೋಸ್ಕೋಪಿನಲ್ಲಿ ಎಷ್ಟು ಹೊತ್ತು ನೋಡಿದರೂ ಬೇರೆಯಾಗಲಿಲ್ಲವಂತೆ.

ಇವಳು ದೊಡ್ಡವರಿಗೆ ಹೇಳಿದಳು. ಅವರು ಬಾಗಿಲು ಹಾಕಿಕೊಂಡು ಕೂರಿಸಿ ಮಾತಾಡಿದರು. ‘ತಪ್ಪು ಅಂತ ಪೂರ್ತಿ ಸಾಬೀತಾಗಿಲ್ಲವಲ್ಲಮ್ಮ. ಸಮ್ಮೇಳನ ಮುಗೀಲಿ, ಹುದ್ದೆ ಆಗ್ಲಿ. ಆಮೇಲೆ ಒಂದು ಸಣ್ಣ ತಿದ್ದುಪಡಿ ಬರೆದು ಕಳಿಸಿದರಾಯ್ತು. ಹಾವೂ ಸಾಯಬಾರದು, ಕೋಲೂ ಮುರೀಬಾರದು.’

ಕೇಳಿ ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಓದಿದವರು ಓದಿದವರೇ ಎಂದುಕೊಂಡೆ. ಇವಳು ಊಟ ಮಾಡಲಿಲ್ಲ.

ಮಾರ್ಚ್ ೧೪, ಗುರುವಾರ

ಜಗಳವಾಯಿತು. ಮದುವೆಯಾದ ಮೇಲೆ ನಾನು ಇಷ್ಟು ಮಾತಾಡಿದ್ದು ಇದೇ ಮೊದಲು.

‘ನೀನು ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ. ಸುಮ್ಮನಿರು ಅಂತಿದ್ದಾರೆ’ ಎಂದೆ.

‘ಬೋರ್ಡಿನ ಮುಂದೆ ನಿಂತ್ಕೊಂಡು ಹೇಗ್ರೀ ಸುಮ್ಮನಿರೋದು? ಜನ ಬಂದು ಕೇಳ್ತಾರೆ. ನಿಲ್ಲಿಸೋದೇ ಕೇಳಲಿ ಅಂತ.’

‘ಗಂಟಲು ಕಟ್ಟಿದೆ ಅನ್ನು.’

‘ಹೂಂ, ನಿಮ್ಮ ಬೆನ್ನುನೋವಿನ ಹಾಗೆ.’

ಆಮೇಲೆ ಅವಳೇ ಹೇಳಿದಳು. ಬೇರೆ ದೇಶದವಳೊಬ್ಬಳು ಇವಳ ಕೆಲಸ ನಂಬಿ ತಮ್ಮ ಕಡೆಯ ಗಣಿಯಲ್ಲಿ ಇದೇ ಪ್ರಾಣಿಯನ್ನು ಹುಡುಕಲು ಹೊರಟಿದ್ದಾಳಂತೆ. ವರ್ಷಗಟ್ಟಲೆ ಹುಡುಕುತ್ತಾಳೆ. ‘ಸಿಗದಿದ್ದರೆ ತನ್ನದೇ ತಪ್ಪು ಅಂದ್ಕೋತಾಳೆ. ಸಿಕ್ಕರೆ ಇನ್ನೂ ಕಷ್ಟ. ಅವಳ ಕಡೇನೂ ಒಬ್ಬ ಒಳ್ಳೇ ಮೇಸ್ತ್ರಿ ಇದ್ದಾನೆ ಅಂತ ಅರ್ಥ.’

ಅತ್ತೆ ಒಳಗಿನಿಂದ ನಕ್ಕರು. ನನಗೆ ನಗು ಬರಲಿಲ್ಲ. ಕ್ವಾರ್ಟರ್ಸ್ ಬಿಡಬೇಕಾಗಿ ಬಂದರೆ ಮಿಷಿನ್ ಸಾಗಿಸುವುದು ಹೇಗೆ, ಹೊಸ ಬೀದಿಯಲ್ಲಿ ಯಾರು ಬಟ್ಟೆ ಕೊಡುತ್ತಾರೆ, ಅತ್ತೆಯ ಮಂಡಿ ಮೆಟ್ಟಿಲು ಹತ್ತುತ್ತದೆಯೇ.

ಮಾರ್ಚ್ ೧೫, ಶುಕ್ರವಾರ

ತಪ್ಪು ತಿದ್ದಿದ ಹೊಸ ಪೋಸ್ಟರನ್ನು ಸಮ್ಮೇಳನ ಮುಗಿದ ಮೇಲೆಯೇ ಕೊಡಲು ಸಾಧ್ಯ ಎಂದು ಪ್ರೆಸ್ಸಿನವನು ಹೇಳಿದ. ಒಳಗೊಳಗೇ ನೆಮ್ಮದಿಯಾಯಿತು. ಮಧ್ಯಾಹ್ನ ಇವಳು ಹಳೆಯದನ್ನೇ ಹೊತ್ತು ಅಂಗಡಿಗೆ ಬಂದಳು.

‘ಇದರ ಮೇಲೇ ತಿದ್ದಿಕೊಡಿ.’

ತಲೆಬರಹದ ಮೇಲೆ ಅದೇ ಬಣ್ಣದ ತೇಪೆ ಹಾಕಿ ಮುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂದು ಬಟ್ಟೆ ಹುಡುಕತೊಡಗಿದೆ.

‘ಮುಚ್ಚಬೇಡಿ. ನಮ್ಮ ಲ್ಯಾಬಿನ ಪುಸ್ತಕದಲ್ಲಿ ಅಳಿಸೋ ಹಾಗಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೀಬೇಕು, ಕೆಳಗಿನದು ಓದೋಕೆ ಬರಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಹಾಕಬೇಕು. ಕಲಿಯೋಕೆ ಬಂದ ಮೊದಲ ದಿನವೇ ಹೇಳಿಕೊಡ್ತಾರೆ.’

‘ಅಂದರೆ ಹೊಲಿಗೆ ಕಾಣಬೇಕಾ?’

‘ದೂರದಿಂದ ಕಾಣಬೇಕು.’

ಜನ ಏನೆಂದಾರು ಎಂದು ಕೇಳಿದೆ. ನನ್ನ ಕೈಕೆಲಸ ನೋಡಿ ಏನೆಂದಾರು ಎಂಬ ಅರ್ಥದಲ್ಲಿ. ಕಾಣುವ ರಫು ಮಾಡಿದವನೆಂದು ಹೆಸರಾದರೆ ಯಾರು ಕೋಟು ತರುತ್ತಾರೆ?

‘ಒಲ್ಲೆ ಅಂದರೆ ಹೇಳಿ, ನಾನೇ ಸೂಜಿ ಹಿಡೀತೀನಿ.’

ಅವಳು ಗುಂಡಿ ಹಾಕಿದ್ದನ್ನು ನಾನು ನೋಡಿದ್ದೇನೆ.

ಮಾರ್ಚ್ ೧೬, ಶನಿವಾರ

ಬೆಳಿಗ್ಗೆಯೇ ಶುರು ಮಾಡಿದೆ. ಮಿಷಿನ್ನಿನಲ್ಲಿ ಹಾಕಿದರೆ ಬಟ್ಟೆ ಎಳೆದುಕೊಂಡು ಸುಕ್ಕಾಗುತ್ತದೆ, ಆದ್ದರಿಂದ ಕೈಹೊಲಿಗೆ. ಪೋಸ್ಟರಿನ ಹಿನ್ನೆಲೆ ಕಡುನೀಲಿ, ಅಕ್ಷರ ಬಿಳಿ. ಕಪ್ಪು ದಾರ ನೀಲಿಯಲ್ಲಿ ಮುಳುಗುತ್ತದೆ, ಬಿಳಿ ದಾರ ಅಕ್ಷರದಲ್ಲಿ ಮುಳುಗುತ್ತದೆ. ದಪ್ಪ ದಾರದಲ್ಲಿ ತುಕ್ಕಿನ ಬಣ್ಣದ್ದು ಒಂದು ಉಂಡೆಯಿತ್ತು, ಯಾರದೋ ಪರದೆಗೆ ತಂದು ಉಳಿದದ್ದು. ಅದು ಎರಡರ ಮೇಲೂ ಎದ್ದು ಕಂಡಿತು.

ಚಾಕ್ ಹಿಡಿದು ‘ಕಲ್ಲು ಕೊಟ್ಟ ಉಸಿರು’ ಎಂಬುದರ ನಡುವೆ ಗೆರೆ ಎಳೆದೆ. ಒಂದೇ ಗೆರೆ. ಒಂದೊಂದು ಹೊಲಿಗೆ ಸಣ್ಣದಾದರೆ ಅಕ್ಷರದ ಹೊಟ್ಟೆ ತುಂಬಿ ಓದಲು ಬರುವುದಿಲ್ಲ, ದೊಡ್ಡದಾದರೆ ಸಡಿಲವಾಗಿ ಜೋಲುತ್ತದೆ. ಒಮ್ಮೆ ಬಿಚ್ಚಿ ಮತ್ತೆ ಹಾಕಿದೆ. ಅದರ ಕೆಳಗೆ ಬಿಳಿ ಬಟ್ಟೆಯ ಪಟ್ಟಿ, ಪಟ್ಟಿಯ ಮೇಲೆ ಇವಳು ಬರೆದುಕೊಟ್ಟ ಹೊಸ ತಲೆಬರಹ: ‘ಆಳದ ನೀರಿಗೆ ಸೇರಿದ ಮೇಲಿನ ತೊಟ್ಟಿಯ ನೀರು: ನಮ್ಮ ತಪ್ಪು ಮತ್ತು ಅದು ನಡೆದ ಬಗೆ’. ಅಕ್ಷರಗಳನ್ನೂ ದಾರದಲ್ಲೇ ತುಂಬಿದೆ. ಉದ್ದ ಸಾಲು. ಪಟ್ಟಿಯ ಕೊನೆಯಲ್ಲಿ ಅವಳ ಸಹಿ. ಅವಳ ಸಹಿಯ ಬಾಲ ಕೆಳಗೆ ಸುರುಳಿ ಸುತ್ತುತ್ತದೆ, ಅದನ್ನು ದಾರದಲ್ಲಿ ತಿರುಗಿಸುವುದೇ ಹೆಚ್ಚು ಹೊತ್ತು ಹಿಡಿಯಿತು. ದೊಡ್ಡವರು ಕೋಟಿಗೆ ಬಂದದ್ದು ಆಗಲೇ. ಪೋಸ್ಟರನ್ನು ಮಡಿಸಿಡಲು ಕೈ ಖಾಲಿ ಇರಲಿಲ್ಲ. ಅವರು ನಿಂತು ಪೂರ್ತಿ ಓದಿದರು. ‘ಅವರನ್ನ ತಡೀರಿ ಅಂತ ನಿಮಗೂ ಹೇಳಿ ನೋಡೋಣ ಅಂತ ಬಂದೆ’ ಎಂದರು, ಆಮೇಲೆ ಕೋಟು ತೊಟ್ಟು ನೋಡಿದರು. ಸರಿಯಾಗಿ ಕೂತಿತು.

ಸುರುಳಿ ಚೆನ್ನಾಗಿ ಬಂದಿದೆ.

ಮಾರ್ಚ್ ೧೯, ಮಂಗಳವಾರ

ಬಟ್ಟೆಯನ್ನು ಬಿಗಿಯಾಗಿ ಹಿಡಿದು ಪಿನ್ನು ಚುಚ್ಚಲು ಇಬ್ಬರು ಬೇಕು, ಆದ್ದರಿಂದ ನಾನು ಹೋಗಲೇಬೇಕಾಯಿತು. ಕೊರಳಿಗೆ ‘ಜೊತೆಗಾರರು’ ಎಂಬ ಪಟ್ಟಿ ಹಾಕಿದರು. ದೊಡ್ಡ ಸಭಾಂಗಣ, ಸಾಲು ಸಾಲಾಗಿ ಬೋರ್ಡು, ಗೋಡೆಯ ಬದಿಗೆ ಚಹಾದ ಡ್ರಮ್ಮು. ಮಂಜುಗಡ್ಡೆಯೊಳಗಿನ ಜೀವ, ಕುದಿಯುವ ನೀರಿನ ಜೀವ, ಆ್ಯಸಿಡ್ಡಿನ ಜೀವ, ಸಮುದ್ರದ ತಳದ ಕೆಸರಿನ ಜೀವ. ಬದುಕಲಾಗದ ಕಡೆ ಬದುಕುವವರ ಸಂತೆ. ಅದನ್ನು ನೋಡಲು ಬಂದವರೆಲ್ಲ ಸಭಾಂಗಣದಲ್ಲಿ ಸೆಖೆ ಎಂದು ಗೊಣಗುತ್ತಿದ್ದರು.

ಬಂದವರೆಲ್ಲ ಮೊದಲು ಗೆರೆ ನೋಡಿ ನಿಂತರು, ಆಮೇಲೆ ಪಟ್ಟಿ ಓದಿದರು. ಕೆಲವರು ಪಕ್ಕದ ಬೋರ್ಡಿಗೆ ಸರಿದರು. ಉಪ್ಪುಕೆರೆಯವನು ಬಂದು ಇವಳ ಕೈ ಕುಲುಕಿದ, ಅವನ ಕಣ್ಣಲ್ಲಿ ನೀರಿತ್ತು. ವಿನಯ ನಿಜವೇ ಇದ್ದಿರಬೇಕು. ಅಷ್ಟರಲ್ಲಿ ಸಮಿತಿಯವರು ಇವಳನ್ನು ಒಳಗೆ ಕರೆದರು. ಹೋಗುವಾಗ ‘ಯಾರಾದರೂ ಕೇಳಿದರೆ ಈಗ ಬರ್ತಾಳೆ ಅನ್ನಿ’ ಎಂದಳು.

ಕೋಲೂರಿಕೊಂಡು ಒಬ್ಬ ಮುದುಕಿ ಬಂದರು. ಮಂಜುಗಡ್ಡೆಯ ವಿಭಾಗದವರಂತೆ. ಮೂಗು ತಾಗುವಷ್ಟು ಹತ್ತಿರ ಬಗ್ಗಿ ಹೊಲಿಗೆ ನೋಡಿದರು.

‘ಇದು ಯಾರದ್ದು?’

‘ತಪ್ಪು ನನ್ನ ಹೆಂಡತೀದು. ಪೈಪು ಮೇಸ್ತ್ರೀದು. ಹೊಲಿಗೆ ನನ್ನದು’ ಎಂದೆ.

ಅವರು ನಕ್ಕರು. ಪೈಪಿನ ವಿಷಯ ಕೇಳಿದರು. ಹೇಳಿದೆ. ತೊಟ್ಟಿ, ತುಕ್ಕು, ಮರ್ಯಾದೆ, ಶುದ್ಧ ನೀರಿನ ಬಾಟಲಿ ಪೈಪಿನೊಳಗೆ ಹೋಗದೆ ಉಳಿದದ್ದು. ನಡುವೆ ಇನ್ನಿಬ್ಬರು ಬಂದು ನಿಂತರು, ಅವರಿಗಾಗಿ ಮೊದಲಿನಿಂದ ಹೇಳಿದೆ. ಬಿಸಿನೀರಿನ ಬುಗ್ಗೆಯವನೊಬ್ಬ, ‘ನಾನು ಒಂದು ವರ್ಷ ಹೊಸ ಜೀವಿ ಅಂತ ಸಾಕಿದ್ದು ನನ್ನದೇ ತಲೆಹೊಟ್ಟಿನದು’ ಎಂದ.

‘ಅದಕ್ಕೆ ನಿಮ್ಮ ಹೆಸರೇ ಇಟ್ಟಿದ್ದಿರಾ?’ ಎಂದು ಮುದುಕಿ ಕೇಳಿದರು.

‘ನಮ್ಮ ಮೇಷ್ಟ್ರ ಹೆಸರು ಇಡೋದರಲ್ಲಿದ್ದೆ. ದೇವರು ದೊಡ್ಡವನು.’

ಇನ್ನೊಬ್ಬರದು ಕೈಗವಸಿನ ಪುಡಿ, ಮತ್ತೊಬ್ಬರದು ಕಿಟಕಿಯ ಪಾರಿವಾಳ. ಒಬ್ಬೊಬ್ಬರಾಗಿ ತಮ್ಮ ತಪ್ಪು ಬಿಚ್ಚಿದರು. ಇದನ್ನೆಲ್ಲ ಎಲ್ಲಾದರೂ ಬರೆದಿದ್ದೀರಾ ಎಂದು ಕೇಳಿದೆ. ಯಾರೂ ಬರೆದಿರಲಿಲ್ಲ. ಇವಳು ವಾಪಸು ಬಂದಾಗ ಬೋರ್ಡಿನ ಮುಂದೆ ದಾರಿಯಿರಲಿಲ್ಲ, ಆಚೆ ನಿಂತು ಕಾದಳು.

ದೊಡ್ಡವರು ಚಹಾದ ಡ್ರಮ್ಮಿನ ಹತ್ತಿರವೇ ಇದ್ದರು. ಈ ಕಡೆ ಬರಲಿಲ್ಲ.

ಎಡಗಡೆಯ ಪಿನ್ನು ಸ್ವಲ್ಪ ಸಡಿಲವಾಗಿತ್ತು, ಗೆರೆ ವಾಲಿದ ಹಾಗೆ ಕಂಡಿರಬೇಕು. ಅದೊಂದು ಬೇಸರ.

ಮಾರ್ಚ್ ೨೨, ಶುಕ್ರವಾರ

ಹುದ್ದೆ ಉಪ್ಪುಕೆರೆಯವನಿಗಾಯಿತು.

ಇವಳು ಬಂದು ಚಪ್ಪಲಿ ಬಿಟ್ಟು ಹೇಳಿದಳು. ಮಾತು ಮುಗಿಸಿ ಕೂತು ಅತ್ತಳು. ಅತ್ತೆ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, ‘ಅಳು. ಅತ್ತು ಮುಗಿಸಿ ಎದ್ದು ಸೂಪು ಕುಡಿ, ಆರಿಹೋಗುತ್ತೆ’ ಎಂದರು. ನಾನು ಸೂಪನ್ನು ಮತ್ತೆ ಬಿಸಿಮಾಡಿದೆ. ಎರಡು ಸಲ ಬಿಸಿಮಾಡಬೇಕಾಯಿತು.

ಏಪ್ರಿಲ್ ೨, ಮಂಗಳವಾರ

ಮಂಜುಗಡ್ಡೆಯ ಮುದುಕಿಯಿಂದ ಫೋನ್ ಬಂದಿತ್ತು. ಅವರ ಊರಿನಲ್ಲಿ ಒಂದು ವರ್ಷದ ಕೆಲಸವಿದೆಯಂತೆ. ಬೇರೆಯವರು ತಂದ ಬಾಟಲಿಗಳಲ್ಲಿ ಹೊರಗಿನದು ಏನು ಸೇರಿದೆ, ಎಲ್ಲಿ ಸೇರಿತು ಎಂದು ಹುಡುಕುವುದು. ವರ್ಷದ ನಂತರ ಏನು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

‘ಬೇರೆಯವರ ತಪ್ಪು ಹುಡುಕೋದು. ಅದಕ್ಕೆ ಸಂಬಳ ಬೇರೆ ಕೊಡ್ತಾರಾ?’ ಎಂದರು ಅತ್ತೆ. ‘ಗೊತ್ತಿದ್ದರೆ ನಾನೂ ಓದ್ತಿದ್ದೆ.’

ಅಲ್ಲಿ ಬಹಳ ಚಳಿಯಂತೆ. ದಪ್ಪ ಬಟ್ಟೆಗೆ ಬೇರೆ ಸೂಜಿ ಬೇಕು.

ಏಪ್ರಿಲ್ ೯, ಮಂಗಳವಾರ

ಇವಳು ಕೊನೆಯ ಸಲ ಗಣಿಗೆ ಇಳಿದಿದ್ದಾಳೆ. ಪೈಪ್ ತೊಳೆಯಬಾರದೆಂದು ಹೇಳಿದ್ದಕ್ಕೆ ಮೇಸ್ತ್ರಿಗೆ ಬಹಳ ನೋವಾಗಿದೆಯಂತೆ. ‘ಒಂಚೂರು ಒರೆಸಿಯಾದರೂ ಕೊಡ್ಲಾ ಮೇಡಂ?’ ಎಂದು ಫೋನಿನಲ್ಲಿ ಎರಡೆರಡು ಸಲ ಕೇಳಿದರಂತೆ.

ಅವಳಿಲ್ಲದ್ದರಿಂದ ಕ್ವಾರ್ಟರ್ಸ್ ಬಿಡುವ ಅರ್ಜಿ ಕೊಡಲು ನಾನೇ ಸಂಸ್ಥೆಯ ಕಚೇರಿಗೆ ಹೋದೆ. ಗುಮಾಸ್ತರು ಕೇಳಿ ಕೇಳಿ ತಾವೇ ತುಂಬಿಕೊಂಡರು. ಅವರ ಅಂಗಿಯ ತೋಳಿನ ಗುಂಡಿ ಕಿತ್ತುಹೋಗಿತ್ತು.

‘ಬಿಡೋದಕ್ಕೆ ಕಾರಣ?’

‘ಹುದ್ದೆ ಸಿಗಲಿಲ್ಲ.’

‘ಅದಕ್ಕಿಲ್ಲಿ ಜಾಗ ಇಲ್ಲ ಸ್ವಾಮಿ. ವೈಯಕ್ತಿಕ ಕಾರಣ ಅಂತ ಹಾಕ್ತೀನಿ. ಎಲ್ಲರೂ ಅದನ್ನೇ ಹಾಕಿಸೋದು.’

‘ವೈಯಕ್ತಿಕ ಅಲ್ಲವಲ್ಲ.’

‘ಮತ್ತೆ ಏನಂತ ಬರೀಲಿ?’

‘ಬರ್ಕೊಳ್ಳಿ. ತಾನು ಕಂಡುಹಿಡಿದದ್ದು ತಪ್ಪು ಅಂತ ನನ್ನ ಹೆಂಡತಿಗೆ ಗೊತ್ತಾಯ್ತು. ಗೊತ್ತಾದದ್ದನ್ನ ಸಮ್ಮೇಳನದಲ್ಲಿ ಎಲ್ಲರ ಎದುರಿಗೆ ಹೇಳಿದಳು. ಅದಕ್ಕೆ ಬಿಡ್ತಿದ್ದೀವಿ.’

ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಚಾಚಿದರು. ಗುಮಾಸ್ತರು ಪೆನ್ನು ಎತ್ತಿ, ‘ಸ್ವಲ್ಪ ಮೆಲ್ಲಗೆ, ಎಲ್ಲರಿಗೂ ಕೇಳಿಸ್ತಿದೆ’ ಎಂದರು.

ಅವರಿಗೆ ಬರೆದುಕೊಳ್ಳಲು ಅನುಕೂಲವಾಗಲೆಂದು ಮೊದಲಿನಿಂದ ಇನ್ನೊಮ್ಮೆ ನಿಧಾನವಾಗಿ ಹೇಳಿದೆ. ಆ ಸಾಲಿನಲ್ಲಿ ಜಾಗ ಸಾಲಲಿಲ್ಲ. ಉಳಿದದ್ದನ್ನು ಅಂಚಿನಲ್ಲಿ ಬರೆದರು.